ಮೂಗರ್ಜಿಯ ಕೈಬರಹ

ಹೆಸರು ಹಾಕದೆ ಬರೆದ ದೂರಿಗೆ ಕನ್ನಡದಲ್ಲಿ ಮೂಗರ್ಜಿ ಅಂತಾರೆ. ತೆಲುಗಿನಲ್ಲಿ ಅದೇ ಆಕಾಶರಾಮನ್ನ ಉತ್ತರ. ಗಡಿಯಲ್ಲಿರುವ ನಮ್ಮ ರೊಳ್ಳದ ಕಡೆ ಎರಡು ಮಾತೂ ನಡೆಯುತ್ತವೆ. ಕನ್ನಡದವನು ಬಾಯಿಲ್ಲದವನ ಹಾಗೆ ಬರೀತಾನೆ, ತೆಲುಗಿನವನು ಆಕಾಶದಿಂದ ಇಳಿದವನ ಹಾಗೆ ಬರೀತಾನೆ ಅಂತ ನಾವು ಮೇಷ್ಟ್ರುಗಳು ನಗಾಡುವುದುಂಟು. ಆದರೆ ಒಂದು ಮೂಗರ್ಜಿ ನೆನಪಾದರೆ ನನಗೆ ಈಗಲೂ ನಗು ಬರುವುದಿಲ್ಲ.

ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ಆ ವರ್ಷ ದಸರಾ ರಜೆ ಮುಗಿದರೂ ಕನ್ನಡ ಮಾಧ್ಯಮದ ಮಕ್ಕಳಿಗೆ ಎರಡು ಪಾಠಪುಸ್ತಕ ಬಂದಿರಲಿಲ್ಲ. ಬಿಸಿಯೂಟದ ಅಕ್ಕಿಯ ಲೆಕ್ಕದಲ್ಲೂ ಏನೋ ಏರುಪೇರು. ಯಾರೋ ಮೇಲಿನ ಕಚೇರಿಯೊಂದಕ್ಕೆ ಕನ್ನಡದಲ್ಲಿ ಮೂಗರ್ಜಿ ಹಾಕಿದರು. ಪುಸ್ತಕ ಎಲ್ಲಿ ಹೋಯಿತು ಅಂತ ಹುಡುಕುವುದು ಬಿಟ್ಟು, ಕಾಗದ ಬರೆದವರು ಯಾರು ಅಂತ ಹುಡುಕಲು ಶುರುವಾಯಿತು! ಮೂವರು ಕನ್ನಡ ಮೇಷ್ಟ್ರುಗಳನ್ನು ಕರೆಸಿ, ಕಾಗದವನ್ನು ಮುಂದಿಟ್ಟು, "ಊರಿಗೆಲ್ಲ ಅಕ್ಷರ ಕಲಿಸಿದವರು ನೀವೇ ಅಲ್ಲವೇ, ಇದು ಯಾರ ಕೈ ಹೇಳಿ" ಅಂದರು.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಕಡೆ ಎರಡೂ ಲಿಪಿ ಕಲಿಯುವ ಮಕ್ಕಳು ಕೆಲವರು ಕನ್ನಡದ ಅಕ್ಷರಕ್ಕೂ ತೆಲುಗಿನ ತಲೆಕಟ್ಟು ಹಾಕುತ್ತಾರೆ, ಸರಿ ಗುರುತು ಹಾಕಿದ ಹಾಗೆ ಒಂದು ಗೀರು. ಅದು ಆ ಕಾಗದದ ತುಂಬ ಇತ್ತು. ಜೊತೆಗೆ 'ಹೇಳಿದ್ದಾರೆ' ಅನ್ನುವ ಕಡೆಯೆಲ್ಲ 'ಏಳಿದ್ದಾರೆ' ಅಂತ ಇತ್ತು. ಆ ಹಕಾರವನ್ನು ನಾನು ಕೆಂಪು ಶಾಯಿಯಲ್ಲಿ ನೂರು ಸಲ ತಿದ್ದಿದ್ದೆ. ನನ್ನ ಬಳಿ ಓದಿ ಹೈಸ್ಕೂಲಿಗೆ ಹೋಗಿದ್ದ ಹುಡುಗಿ. ಅವಳ ತಾಯಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದರು.

"ಗೊತ್ತಾಗ್ತಿಲ್ಲ ಸಾರ್" ಅಂದೆ. ಮಕ್ಕಳಿಗೆ ಸುಳ್ಳು ಹೇಳಬಾರದು ಅಂತ ಪಾಠ ಮಾಡುವವನು, ಆವತ್ತು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದೆ. ಅದರಿಂದ ಪ್ರಯೋಜನವೇನೂ ಆಗಲಿಲ್ಲ. ಲಕೋಟೆಯ ಮೇಲೆ ಅಂಚೆ ಮುದ್ರೆ ಇತ್ತು. ಅಕ್ಕಿಯ ಲೆಕ್ಕ ಗೊತ್ತಿರುವ ಮನೆಗಳು ಎಷ್ಟು? ಅದರಲ್ಲಿ ಕನ್ನಡ ಬರೆಯುವ ಕೈಗಳು ಎಷ್ಟು? ಎರಡೇ ದಿನದಲ್ಲಿ ಲೆಕ್ಕ ಬಗೆಹರಿಯಿತು. ಆ ತಾಯಿಯನ್ನು ತಿಂಗಳೊಳಗೆ ಬೇರೆ ಯಾವುದೋ ಕಾರಣ ಹೇಳಿ ಬಿಡಿಸಿದರು. ಪುಸ್ತಕ ಬಂದದ್ದು ಸಂಕ್ರಾಂತಿ ಕಳೆದ ಮೇಲೆ.

ಇದಕ್ಕೂ ಮುಂಚೆ ನನ್ನ ಮೇಲೆಯೇ ಒಂದು ಮೂಗರ್ಜಿ ಹೋಗಿತ್ತು ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಅದು ತೆಲುಗಿನದು. ಶಾಲೆಗೇ ಬರುವುದಿಲ್ಲ, ಸಿರಾದಲ್ಲಿ ವ್ಯಾಪಾರ ಮಾಡಿಕೊಂಡಿದ್ದಾನೆ ಅಂತ ಬರೆದಿದ್ದರು. ಶುದ್ಧ ಸುಳ್ಳು. ಎರಡು ತಿಂಗಳು ವಿಚಾರಣೆಗೆ ಅಲೆದೆ, ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಕೊನೆಗೆ ಹಾಜರಿ ಪುಸ್ತಕವೂ ಮಕ್ಕಳ ಕಾಪಿ ಪುಸ್ತಕಗಳೂ ನನ್ನನ್ನು ಉಳಿಸಿದವು. ಹಾಗಾಗಿ ಹೆಸರಿಲ್ಲದ ಮಾತಿನ ಎರಡು ಮುಖವನ್ನೂ ಕಂಡವನು ನಾನು. ಮುಂದೆ ಬರೆಯುವುದನ್ನು ಆ ಅನುಭವ ಇಟ್ಟುಕೊಂಡೇ ಓದಿ.

ಕಳೆದ ಯುಗಾದಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮಾತಿಗೆ ಮಾತು ಬಂದು ಈ ಮೂಗರ್ಜಿ ಕತೆ ಹೇಳಿದೆ. ಅವನು ಲ್ಯಾಪ್‌ಟಾಪ್ ತೆಗೆದು, "ಸಾರ್, ಕೈಬರಹ ಅಳಿಸೋಕೇ ಅಂತ ಒಂದು ಸಾಫ್ಟ್‌ವೇರ್ ಐತೆ, ನೋಡಿ" ಅಂತ ಟಾರ್ ಬ್ರೌಸರ್ ತೋರಿಸಿದ. ನಾನು ಸುಲಭಕ್ಕೆ ಒಪ್ಪುವವನಲ್ಲ. ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಕೇಳಿದೆ. ಆಮೇಲೆ ನಾನೂ ಹುಡುಕಿ ಓದಿದೆ. ನನಗೆ ಅರ್ಥವಾದಷ್ಟನ್ನು ಏಳನೇ ಕ್ಲಾಸಿಗೆ ಹೇಳುವ ಹಾಗೆ ಹೇಳುತ್ತೇನೆ.

ನಾವು ಇಂಟರ್‌ನೆಟ್‌ನಲ್ಲಿ ಏನು ನೋಡಿದರೂ ಏನು ಕಳಿಸಿದರೂ ಅದರ ಜೊತೆ ನಮ್ಮ ಸಂಪರ್ಕದ ಒಂದು ಸಂಖ್ಯೆ ಹೋಗುತ್ತದೆ. ಐಪಿ ವಿಳಾಸ ಅಂತಾರೆ. ಅದೇ ಅಂಚೆ ಮುದ್ರೆ. ಟಾರ್ ಮಾಡುವುದಿಷ್ಟೆ: ಕಾಗದವನ್ನು ಒಂದರೊಳಗೊಂದು ಮೂರು ಲಕೋಟೆಯಲ್ಲಿ ಇಡುತ್ತದೆ. ಹೊರಗಿನ ಲಕೋಟೆಯನ್ನು ಅಗಳಿಯವರು ಮಾತ್ರ ಒಡೆಯಬಲ್ಲರು ಅನ್ನಿ. ಒಡೆದರೆ ಒಳಗೆ ಅಮರಾಪುರದ ವಿಳಾಸ. ಅವರು ತಮ್ಮ ಲಕೋಟೆ ಒಡೆದರೆ ಒಳಗೆ ಹಿಂದೂಪುರದ ವಿಳಾಸ. ಹಿಂದೂಪುರದವರು ಒಡೆದಾಗಷ್ಟೇ ಕಾಗದ ಕೊನೆಗೆ ಎಲ್ಲಿಗೆ ಹೋಗಬೇಕು ಅಂತ ತಿಳಿಯುವುದು. ಅಗಳಿಯವರಿಗೆ ಕಳಿಸಿದವರು ಗೊತ್ತು, ತಲುಪುವ ಜಾಗ ಗೊತ್ತಿಲ್ಲ. ಹಿಂದೂಪುರದವರಿಗೆ ತಲುಪುವ ಜಾಗ ಗೊತ್ತು, ಕಳಿಸಿದವರು ಗೊತ್ತಿಲ್ಲ. ನಡುವಿನವರಿಗೆ ಎರಡೂ ಗೊತ್ತಿಲ್ಲ. ಈರುಳ್ಳಿಯ ಸಿಪ್ಪೆಯ ಹಾಗೆ ಪದರ ಪದರ ಇರುವುದರಿಂದ ಈ ಪದ್ಧತಿಗೆ ಈರುಳ್ಳಿಯ ಹೆಸರನ್ನೇ ಇಟ್ಟಿದ್ದಾರೆ. 2003ರಲ್ಲಿ ಶುರುವಾದ ಐ2ಪಿ ಅನ್ನುವ ಇನ್ನೊಂದು ಜಾಲದವರು ತಮ್ಮದನ್ನು ಬೆಳ್ಳುಳ್ಳಿ ಪದ್ಧತಿ ಅಂದರು. ಒಗ್ಗರಣೆಗೆ ಇನ್ನೇನು ಬೇಕು!

ತಮಾಷೆ ಬಿಡಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಚರಿತ್ರೆ. ಈ ಈರುಳ್ಳಿ ಪದ್ಧತಿ ಹುಟ್ಟಿದ್ದು ಕಳ್ಳರ ಮನೆಯಲ್ಲಲ್ಲ, 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ. ನೌಕಾಪಡೆಯವರು ಅದನ್ನು ತಾವೇ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು? ಆ ಜಾಲದಿಂದ ಹೊರಬಂದ ಪ್ರತಿ ಕಾಗದವೂ "ನಾನು ನೌಕಾಪಡೆಯವನು" ಅಂತ ಸಾರುತ್ತಿತ್ತು. ಯಾರು ಅಂತ ಗೊತ್ತಾಗದೆ ಇರಬೇಕಾದರೆ ಬೇರೆ ಬೇರೆ ಥರದ ಜನ ಅದೇ ದಾರಿಯಲ್ಲಿ ಓಡಾಡುತ್ತಿರಬೇಕು. ಅದಕ್ಕೇ 2002ರಲ್ಲಿ ಟಾರ್ ಅನ್ನು ಎಲ್ಲರಿಗೂ ಬಿಟ್ಟುಕೊಟ್ಟರು, ಅದರ ಮೂಲ ಸಂಕೇತವನ್ನೂ ತೆರೆದಿಟ್ಟರು. 2006ರಿಂದ ಅದನ್ನು ಒಂದು ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದೆ. ಲಕೋಟೆ ದಾಟಿಸುವ ಕಂಪ್ಯೂಟರುಗಳು ಜಗತ್ತಿನ ಬೇರೆ ಬೇರೆ ಕಡೆ ಸ್ವಯಂಸೇವಕರು ತಮ್ಮ ಖರ್ಚಿನಲ್ಲಿ ನಡೆಸುವಂಥವು.

ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಹುಡುಕುವುದು ಕಷ್ಟ, ಯಾಕೆಂದರೆ ಜಾತ್ರೆ ದೊಡ್ಡದು. ನಾಲ್ಕೇ ಜನ ಇರುವ ಕಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಕೂತರೆ ಏನು ಬಂತು? 2013ರ ಡಿಸೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಪರೀಕ್ಷೆ ತಪ್ಪಿಸಿಕೊಳ್ಳಲು ಬಾಂಬ್ ಇದೆ ಅಂತ ಟಾರ್ ಮೂಲಕ ಸುಳ್ಳು ಇ-ಮೇಲ್ ಕಳಿಸಿದ. ಟಾರ್ ಅವನ ಗುಟ್ಟು ಬಿಡಲಿಲ್ಲ. ಆದರೆ ಆ ಹೊತ್ತಿನಲ್ಲಿ ಕಾಲೇಜಿನ ಜಾಲದಿಂದ ಟಾರ್ ಬಳಸುತ್ತಿದ್ದವರು ಯಾರು ಅಂತ ನೋಡಿದರು. ಅವರು ಬಹಳ ಜನ ಇರಲಿಲ್ಲ. ಸಿಕ್ಕಿಬಿದ್ದ. ತಪ್ಪು ಮಾಡಿದವನು ಸಿಕ್ಕಿದ್ದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ಇದೇ ಲೆಕ್ಕದಲ್ಲೇ ಅಲ್ಲವೇ ನನ್ನ ಹುಡುಗಿಯೂ ಸಿಕ್ಕಿದ್ದು?

ಈ ಮಾತು ಗಡಿನಾಡ ಕನ್ನಡಿಗರಾದ ನಮಗೆ ಬೇರೆಯವರಿಗಿಂತ ಹೆಚ್ಚು ತಟ್ಟಬೇಕು. ನಮ್ಮ ಮಂಡಲದಲ್ಲಿ ಕನ್ನಡ ಮಾತಾಡುವವರು ಬೇಕಾದಷ್ಟಿದ್ದಾರೆ. ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯುವವರು ಬೆರಳೆಣಿಕೆ. ಆ ಹುಡುಗಿ ತೆಲುಗಿನಲ್ಲಿ ಬರೆದಿದ್ದರೆ ಸಾವಿರದಲ್ಲಿ ಒಬ್ಬಳಾಗಿ ಉಳಿಯುತ್ತಿದ್ದಳೋ ಏನೋ. ಕನ್ನಡದಲ್ಲಿ ಬರೆದಳು, ಹತ್ತರಲ್ಲಿ ಒಬ್ಬಳಾದಳು. ಅಕ್ಷರ ಕಲಿಸಿದ ನಾವೇ ಅವಳನ್ನು ಗುರುತು ಹಿಡಿಯುವಂತೆ ಮಾಡಿದ್ದೆವು ಅಂತ ಎಷ್ಟೋ ರಾತ್ರಿ ನನಗೆ ಅನಿಸಿದೆ.

ಇನ್ನೂ ಒಂದು ಕಹಿ ಸಂಗತಿ ಇದೆ. ಟಾರ್ ಬ್ರೌಸರನ್ನು ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಬಳಸಹೊರಟರೆ ಅದು ಒಂದು ಪ್ರಶ್ನೆ ಕೇಳುತ್ತದೆ. ಹೆಚ್ಚಿನ ಗೌಪ್ಯತೆಗಾಗಿ ಪುಟಗಳನ್ನು ಇಂಗ್ಲಿಷಿನಲ್ಲೇ ಕೇಳಲೇ ಅಂತ. ಅದನ್ನು ಮಾಡಿದವರದು ತಪ್ಪಲ್ಲ, ಒಳ್ಳೆಯ ಎಚ್ಚರಿಕೆಯೇ. ಇಂಗ್ಲಿಷಿನ ಜಾತ್ರೆ ದೊಡ್ಡದು, ಅಲ್ಲಿ ಬೆರೆತು ಹೋಗು ಅಂತ ಹೇಳುತ್ತಿದೆ. ಆದರೆ ಕನ್ನಡ ಮೇಷ್ಟ್ರಾದ ನನಗೆ ಅದು ಕೇಳಿಸಿದ್ದು ಹೀಗೆ: ಬಚಾವಾಗಬೇಕಾದರೆ ನಿನ್ನ ಭಾಷೆ ಬಿಟ್ಟು ಬಾ. ಇದಕ್ಕೆ ಉತ್ತರ ಇಂಗ್ಲಿಷಿನ ಹಿಂದೆ ಅವಿತುಕೊಳ್ಳುವುದೊಂದೇ ಅಲ್ಲ. ಕನ್ನಡದ ಜಾತ್ರೆಯನ್ನು ದೊಡ್ಡದು ಮಾಡುವುದು.

ಹೇಗೆ ದೊಡ್ಡದು ಮಾಡುವುದು ಅಂದರೆ, ಅದಕ್ಕೆ ನಮ್ಮ ಹೊಲದಲ್ಲೇ ಒಂದು ಮಾದರಿ ಇದೆ. ಮುಯ್ಯಾಳು. ಇವತ್ತು ನಿನ್ನ ಹೊಲದ ಕಡ್ಲೆಕಾಯಿ ಕೀಳಲು ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ. ಯಜಮಾನನೂ ಇಲ್ಲ, ಕೂಲಿಯೂ ಇಲ್ಲ. ಕಂಪ್ಯೂಟರಿನವರು ಪೀರ್-ಟು-ಪೀರ್ ಅನ್ನುವುದು ಇದನ್ನೇ. ನಡುವೆ ದೊಡ್ಡ ಕಂಪನಿಯ ಸರ್ವರ್ ಇಲ್ಲ. ಪ್ರತಿಯೊಬ್ಬರ ಕಂಪ್ಯೂಟರೂ ಕೊಡುತ್ತದೆ, ಪ್ರತಿಯೊಬ್ಬರದೂ ಪಡೆಯುತ್ತದೆ. ಟಾರ್ ಪೂರ್ತಿ ಹಾಗಲ್ಲ, ಅಲ್ಲಿ ಲಕೋಟೆ ಹೊರುವವರು ಕೆಲವರು, ಬಳಸುವವರು ಬಹಳ ಜನ. ಐ2ಪಿಯಲ್ಲಿ ಸಾಮಾನ್ಯವಾಗಿ ಬಳಸುವವನೂ ಬೇರೆಯವರ ಲಕೋಟೆ ಹೊರಬೇಕು.

ಈ ಪೈಕಿ ಹಳೆಯದು ಫ್ರೀನೆಟ್. ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಕ್ಲಾರ್ಕ್ 1999ರಲ್ಲಿ ತನ್ನ ಓದಿನ ಭಾಗವಾಗಿ ಬರೆದ ಪ್ರಬಂಧದಿಂದ ಹುಟ್ಟಿತು. 2000ದಲ್ಲಿ ಸಾಫ್ಟ್‌ವೇರ್ ಹೊರಬಂತು. ಸೇರಿದವರು ತಮ್ಮ ಕಂಪ್ಯೂಟರಿನಲ್ಲಿ ಸ್ವಲ್ಪ ಜಾಗ ಬಿಟ್ಟುಕೊಡಬೇಕು. ಬರಹಗಳು ತುಂಡುತುಂಡಾಗಿ, ಬೀಗ ಹಾಕಿಸಿಕೊಂಡು, ಹಲವರ ಮನೆಯಲ್ಲಿ ಹಂಚಿಕೊಂಡು ಕೂರುತ್ತವೆ. ನನ್ನ ಜಾಗದಲ್ಲಿ ಏನಿದೆ ಅಂತ ನನಗೇ ಓದಲಾಗದು. ಹಿಂದೆ ಊರಿಗೆ ದರೋಡೆಯ ಭಯ ಇದ್ದಾಗ ಕಾಳನ್ನೆಲ್ಲ ಒಂದೇ ಹಗೇವಿನಲ್ಲಿ ಇಡದೆ ಹತ್ತು ಕಡೆ ಹೂತಿಡುವ ಜಾಣತನ ಇದು. 2008ರ ಆವೃತ್ತಿಯಿಂದ, ತನಗೆ ಪರಿಚಯವಿರುವ ಸ್ನೇಹಿತರ ಜೊತೆ ಮಾತ್ರ ಕೊಂಡಿ ಹಾಕಿಕೊಳ್ಳುವ ವ್ಯವಸ್ಥೆಯೂ ಬಂತು. ಆ ಹಳೆಯ ಫ್ರೀನೆಟ್ 2023ರಿಂದ ಹೈಫಾನೆಟ್ ಅನ್ನುವ ಹೆಸರಿನಲ್ಲಿದೆ. ಫ್ರೀನೆಟ್ ಅನ್ನುವ ಹೆಸರನ್ನು ಕ್ಲಾರ್ಕ್ ಅವರದೇ ಇನ್ನೊಂದು ಹೊಸ ಯೋಜನೆಗೆ ಕೊಟ್ಟಿದ್ದಾರೆ.

ಇವೆಲ್ಲವೂ ಮುಕ್ತ ತಂತ್ರಾಂಶಗಳು. ಅಂದರೆ ಒಳಗೆ ಏನು ಬರೆದಿದೆ ಅಂತ ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಗುಟ್ಟು ಕಾಯುವ ಸಾಫ್ಟ್‌ವೇರ್ ತನ್ನನ್ನೇ ಬಟಾಬಯಲಿನಲ್ಲಿ ಇಡುವುದು ವಿಚಿತ್ರ ಅನಿಸಬಹುದು. ಮಂಡಿಯಲ್ಲಿ ತಕ್ಕಡಿಗೆ ಬಟ್ಟೆ ಮುಚ್ಚಿ "ನನ್ನನ್ನು ನಂಬು" ಅನ್ನುವ ವ್ಯಾಪಾರಿಗೆ ಕಡ್ಲೆಕಾಯಿ ಹಾಕುತ್ತೀರಾ? ನನಗೆ ಸಂಕೇತ ಓದಲು ಬರುವುದಿಲ್ಲ ನಿಜ. ಆದರೆ ಓದಲು ಬರುವ ಹತ್ತು ಜನ ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಸೇರದವರು, ತೆರೆದು ನೋಡಬಹುದು ಅನ್ನುವುದೇ ನನಗೆ ಧೈರ್ಯ. ಮೇಲಿನವರು ಹೇಳಿದರು ಅಂತ ನಾವು ನಮ್ಮ ಫೋನಿಗೆ ಹಾಕಿಕೊಳ್ಳುವ ಎಷ್ಟೋ ಆ್ಯಪ್‌ಗಳ ಹೊಟ್ಟೆಯಲ್ಲಿ ಏನಿದೆ ಅಂತ ನೋಡುವ ದಾರಿಯೇ ಇಲ್ಲ ಅನ್ನುವುದನ್ನು ನೆನಪಿಸಿಕೊಳ್ಳಿ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ. ಇದರಿಂದ ಕಳ್ಳರಿಗೆ, ಮಕ್ಕಳ ಮೇಲೆ ಕಣ್ಣು ಹಾಕುವ ನೀಚರಿಗೆ ಅನುಕೂಲ ಆಗುವುದಿಲ್ಲವೇ? ಆಗುತ್ತದೆ. ಮೇಷ್ಟ್ರಾಗಿ ನನಗೆ ಅದರ ಸಂಕಟ ಇದೆ, ಇಲ್ಲ ಅಂತ ವಾದ ಮಾಡುವುದಿಲ್ಲ. ಟಾರ್ ಒಳಗೇ ಸಿಲ್ಕ್ ರೋಡ್ ಅನ್ನುವ ಮಾದಕ ವಸ್ತುಗಳ ಸಂತೆ ನಡೆದಿತ್ತು. ಆದರೆ ಅದನ್ನು ನಡೆಸುತ್ತಿದ್ದವನು 2013ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದ. ಪೊಲೀಸರು ಈರುಳ್ಳಿ ಸುಲಿಯಬೇಕಾಗಿ ಬರಲಿಲ್ಲ. ಆರಂಭದಲ್ಲಿ ಅವನು ತನ್ನದೇ ಹೆಸರಿನ ಇ-ಮೇಲ್ ವಿಳಾಸವನ್ನು ಒಂದು ಕಡೆ ಬರೆದುಬಿಟ್ಟಿದ್ದು ದಾರಿ ತೋರಿಸಿತು. ಊರಿನ ಎಲ್ಲ ಮನೆಗೂ ಬಾಗಿಲು ಇಡಬಾರದು ಅಂದರೆ ಕಳ್ಳತನ ನಿಲ್ಲುವುದಿಲ್ಲ. ಬಾಗಿಲಿಲ್ಲದ ಮನೆಯಲ್ಲಿ ಹೆಣ್ಣುಮಕ್ಕಳು ಹೇಗೆ ಇರಬೇಕು ಅಂತಲೂ ಕೇಳಬೇಕಲ್ಲವೇ?

ಹೆಸರು ಹಾಕಿ ಧೈರ್ಯವಾಗಿ ಬರೆಯಲಿ ಅನ್ನುವವರಿಗೆ ಸತ್ಯೇಂದ್ರ ದುಬೆ ಅವರ ಹೆಸರು ಹೇಳುತ್ತೇನೆ. ಸುವರ್ಣ ಚತುಷ್ಕೋನ ಹೆದ್ದಾರಿಯಲ್ಲಿ ಎಂಜಿನಿಯರ್ ಆಗಿದ್ದವರು. 2002ರಲ್ಲಿ ಅಲ್ಲಿನ ಅವ್ಯವಹಾರದ ಬಗ್ಗೆ ಪ್ರಧಾನಿಗೆ ಕಾಗದ ಬರೆದರು. ಹೆಸರಿಲ್ಲದಿದ್ದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ತಮ್ಮ ವಿವರವನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟು, ಗುಟ್ಟಾಗಿಡಿ ಅಂತ ಕೇಳಿಕೊಂಡರು. ಆ ಹಾಳೆಯೂ ಕಾಗದದ ಜೊತೆ ಮೇಜಿನಿಂದ ಮೇಜಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಅದು ದರೋಡೆಗಾಗಿ ಆದ ಕೊಲೆ ಅಂತ ಸಿಬಿಐ ಹೇಳಿತು. ಇರಲಿ. ಗುಟ್ಟಾಗಿಡಿ ಅಂದವರ ಹೆಸರು ಗುಟ್ಟಾಗಿ ಉಳಿಯಲಿಲ್ಲ ಅನ್ನುವುದಂತೂ ನಿಜ. ಇಂಥವರನ್ನು ಕಾಪಾಡಲು 2014ರಲ್ಲಿ ಕಾಯ್ದೆ ಆಯಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು, ಜಾರಿಗೆ ಮಾತ್ರ ಬರಲಿಲ್ಲ. ಬಂದಿದ್ದರೂ ಹೆಸರಿಲ್ಲದ ದೂರನ್ನು ಅದು ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ನನ್ನ ಮೇಲೆ ಬಂದಂಥ ಸುಳ್ಳು ಮೂಗರ್ಜಿಗೆ ಏನು ಮಾಡುವುದು? ನನ್ನ ಉತ್ತರ ಇಷ್ಟೆ. ಮೂಗರ್ಜಿ ಸಾಕ್ಷಿ ಅಲ್ಲ, ಸುಳಿವು. ಅಕ್ಕಿ ಕಡಿಮೆ ಇದೆ ಅಂತ ಯಾರು ಬರೆದರೇನು, ಹೋಗಿ ಮೂಟೆ ತೂಗಿ ನೋಡಿ. ಮೇಷ್ಟ್ರು ಬರುವುದಿಲ್ಲ ಅಂದರೆ ಹಾಜರಿ ನೋಡಿ, ಮಕ್ಕಳನ್ನು ಕೇಳಿ. ನನ್ನನ್ನು ಉಳಿಸಿದ್ದು ಬರೆದವನನ್ನು ಹಿಡಿದದ್ದರಿಂದಲ್ಲ. ಅವನು ಯಾರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಬರೆದದ್ದನ್ನು ಪರೀಕ್ಷೆ ಮಾಡಿದ್ದರಿಂದ ಉಳಿದೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ! 2024ರಲ್ಲಿ ತೀರಿಕೊಂಡರು. ಆದರೆ ಕೋರ್ಟು ಹಕ್ಕು ಕೊಟ್ಟರೂ ಅದನ್ನು ಬಳಸುವ ಸಲಕರಣೆ ಬೇಕಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 14 ಆ್ಯಪ್‌ಗಳನ್ನು ತಡೆಹಿಡಿದದ್ದು ಸುದ್ದಿಯಾಯಿತು. ಕಾಶ್ಮೀರದ ಭಯೋತ್ಪಾದಕರು ಅವನ್ನು ಬಳಸುತ್ತಾರೆ ಅನ್ನುವುದು ಕಾರಣ. ಆ ಪಟ್ಟಿಯಲ್ಲಿ ಬ್ರಿಯಾರ್ ಅನ್ನುವ ಮುಕ್ತ ತಂತ್ರಾಂಶವೂ ಇತ್ತು. ಇಂಟರ್‌ನೆಟ್ ಇಲ್ಲದಾಗ ಬ್ಲೂಟೂತ್, ವೈಫೈ ಮೂಲಕ ಹತ್ತಿರದ ಫೋನಿನಿಂದ ಫೋನಿಗೆ ಸಂದೇಶ ದಾಟಿಸುವಂಥದ್ದು. ಅದರ ಹಿಂದಿನ ವರ್ಷವೇ, 2022ರ ಮೇ ತಿಂಗಳಲ್ಲಿ, ನಮ್ಮ ಆಂಧ್ರದ ಕೋನಸೀಮೆಯಲ್ಲಿ ಗಲಭೆಯಾದಾಗ ಹಲವು ದಿನ ಇಂಟರ್‌ನೆಟ್ ನಿಲ್ಲಿಸಿದ್ದರು. ಭಯೋತ್ಪಾದಕನಿಗೆ ಇನ್ನೊಂದು ದಾರಿ ಸಿಗುತ್ತದೆ. ಇನ್ನೊಂದು ದಾರಿ ಇಲ್ಲದವರು ಸಾಮಾನ್ಯ ಜನ.

ಇದೊಂದು ಸರ್ವರೋಗ ನಿವಾರಣೆಯ ಮಾತ್ರೆ ಅಂತಲೂ ತಿಳಿಯಬೇಡಿ. 2007ರಲ್ಲಿ ಸ್ವೀಡನ್ನಿನ ಡಾನ್ ಎಗರ್ಸ್ಟಾಡ್ ಅನ್ನುವವರು ಟಾರ್‌ನ ಕೊನೆಯ ಲಕೋಟೆ ಒಡೆಯುವ ಕೆಲವು ಕಂಪ್ಯೂಟರುಗಳನ್ನು ತಾವೇ ನಡೆಸಿ, ಭಾರತದವೂ ಸೇರಿದಂತೆ ಹಲವು ರಾಯಭಾರ ಕಚೇರಿಗಳ ಇ-ಮೇಲ್ ಗುಪ್ತಪದಗಳನ್ನು ಹಿಡಿದು ತೋರಿಸಿದರು. ಟಾರ್ ಕಳಿಸಿದವರನ್ನು ಮರೆಮಾಡುತ್ತದೆ. ಒಳಗಿನ ಕಾಗದಕ್ಕೆ ಬೀಗ ಹಾಕುವುದು ಬೇರೆ ಕೆಲಸ. ಅದೂ ಅಲ್ಲದೆ ಯಾವ ಸಾಫ್ಟ್‌ವೇರೂ 'ಏಳಿದ್ದಾರೆ' ಅನ್ನುವುದನ್ನು ತಿದ್ದಿ ಕೊಡುವುದಿಲ್ಲ. ನಮ್ಮ ಮಾತಿನ ವಾಸನೆ ಕಾಗದದಲ್ಲಿ ಉಳಿದೇ ಉಳಿಯುತ್ತದೆ.

ಹಾಗಾದರೆ ನಾನು ಹೇಳುವುದೇನು? ಶಾಲೆಯ ಮಕ್ಕಳ ಕೈಗೆ ಇದನ್ನು ಕೊಡಿ ಅಂತ ಹೇಳುತ್ತಿಲ್ಲ. ದೊಡ್ಡವರಿಗೆ ಹೇಳುತ್ತಿದ್ದೇನೆ. "ನನ್ನ ಹತ್ತಿರ ಮುಚ್ಚಿಡುವಂಥದ್ದು ಏನಿದೆ?" ಅನ್ನುವವರೇ, ನೀವೇ ಇದನ್ನು ಬಳಸಬೇಕಾದವರು! ಟಾರ್ ಬಳಸುವುದೇ ಅಪರಾಧ ಅನ್ನುವ ಕಾನೂನು ನಮ್ಮಲ್ಲಿಲ್ಲ. ಕಡ್ಲೆಕಾಯಿ ರೇಟು ನೋಡಿ, ಪೇಪರ್ ಓದಿ, ಹವಾಮಾನ ನೋಡಿ. ಗುಟ್ಟಿಲ್ಲದ ನೂರು ಜನ ಆ ದಾರಿಯಲ್ಲಿ ಓಡಾಡಿದರೆ, ಗುಟ್ಟು ಕಾಪಾಡಿಕೊಳ್ಳಲೇಬೇಕಾದ ಒಬ್ಬಳು ಅವರ ನಡುವೆ ನಡೆದು ಹೋಗಬಹುದು. ಇದು ನೀವು ಅವಳಿಗೆ ಕೊಡುವ ಮುಯ್ಯಿ. ಇಂಗ್ಲಿಷ್ ಬಲ್ಲ ನಮ್ಮ ಹುಡುಗರು ಇಂಥ ತಂತ್ರಾಂಶಗಳ ಸೂಚನೆಗಳನ್ನು ಕನ್ನಡಕ್ಕೆ ತರಲಿ. ಮುಕ್ತ ತಂತ್ರಾಂಶವಾದ್ದರಿಂದ ಅದಕ್ಕೆ ಯಾರ ಬಾಗಿಲೂ ಕಾಯಬೇಕಿಲ್ಲ. ಫೈರ್‌ಫಾಕ್ಸ್ ಕನ್ನಡಕ್ಕೆ ಬಂದದ್ದು ಹಾಗೆಯೇ, ಸ್ವಯಂಸೇವಕರಿಂದ. ಮುಖ್ಯವಾಗಿ, ಕಚೇರಿಗಳಿಗೆ ನಾವೆಲ್ಲ ಕನ್ನಡದಲ್ಲೇ, ಹೆಸರು ಹಾಕಿಯೇ, ಸಣ್ಣಪುಟ್ಟದ್ದಕ್ಕೂ ಅರ್ಜಿ ಬರೆಯೋಣ. ಕನ್ನಡದ ಕಾಗದ ಬಂತು ಅಂದರೆ "ಯಾರದು?" ಅಂತ ತಲೆಯೆತ್ತಿ ನೋಡದಷ್ಟು ಅದು ಮಾಮೂಲಾಗಲಿ.

ಆ ಹುಡುಗಿ ಈಗ ತುಮಕೂರಿನ ಕಡೆ ನರ್ಸ್ ಆಗಿದ್ದಾಳೆ. ಹೋದ ವರ್ಷ ಊರಿಗೆ ಬಂದಾಗ ಬಸ್ ಸ್ಟಾಂಡಿನಲ್ಲಿ ಸಿಕ್ಕಿ ಕಾಲಿಗೆ ನಮಸ್ಕಾರ ಮಾಡಿದಳು. "ಸಾರ್, ಆವತ್ತು ನೀವು ನನ್ನ ಎಸ್ರು ಏಳ್ಲಿಲ್ವಂತೆ, ಅಮ್ಮ ಹೇಳಿದ್ರು" ಅಂದಳು. ಕೊನೆಯ ಹಕಾರ ಸರಿಯಾಗಿತ್ತು. ಮೊದಲ ಎರಡನ್ನು ನಾನು ತಿದ್ದಲಿಲ್ಲ.